ಫಕ್ಕೀರಪ್ಪನ ಕೂಷ್ಮಾಂಡ ದಿಗ್ವಿಜಯ

ಸ್ವಸ್ತಿ! ಯಾವ ಯುಗದಲ್ಲಿ ಕಬ್ಬಿಣಕ್ಕೆ ಕಣ್ಣು ಮೂಡಿತೋ, ಯಾವ ಯುಗದಲ್ಲಿ ಯಂತ್ರಗಳು ತಮ್ಮ ಮೈಬಿಸಿಯನ್ನು ತಾವೇ ಅಳೆದುಕೊಂಡು ಸಾವಕಾರನ ಕಿಸೆಯಲ್ಲಿದ್ದ ಫೋನಿಗೆ ಚಾಡಿ ಹೇಳತೊಡಗಿದವೋ, ಯಾವ ಯುಗದಲ್ಲಿ ಮನುಷ್ಯನ ವಿದ್ಯೆಯನ್ನು ಸೌತೆಕಾಯಿಯಂತೆ ಹೋಳು ಹೋಳಾಗಿ ಹೆಚ್ಚಿ, ಹೋಳಿಗೊಂದರಂತೆ ಬಣ್ಣದ ಬಿಲ್ಲೆ ಹಂಚುವ ಪದ್ಧತಿಯು ಸಪ್ತಸಾಗರಗಳನ್ನು ದಾಟಿ, ಘಟ್ಟಗಳನ್ನು ಹತ್ತಿ, ಕಡೆಗೆ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ವಸಾಹತಿಗೂ ಬಂದು ಮುಟ್ಟಿತೋ, ಆ ಸ್ಮಾರ್ಟ್ ಯುಗದ ಪ್ರಥಮ ಪಾದದಲ್ಲಿ ಜರುಗಿದ ಘೋರ ಸಂಗ್ರಾಮವೊಂದರ ಕಥೆಯಿದು. ವಿಘ್ನರಾಜನು ಮುಂದೆ ನಿಂತು ನಡೆಸಲಿ. ಶಾರದೆಯು ನಾಲಗೆಯ ಮೇಲೆ ನೆಲೆಸಲಿ. ಕಥೆ ಮುಗಿಯುವವರೆಗೆ ಕರೆಂಟು ಹೋಗದಿರಲಿ.

ಕೇಳಿರಯ್ಯಾ ಆ ಯುಗದ ವೀರನನ್ನು! ಲೋಹಚೂರ್ಣಧೂಸರಿತಶ್ಮಶ್ರು, ಕೂಲಂಟ್‌ಜಲಾಭಿಷಿಕ್ತಪಾದರಕ್ಷಾಯುಗಲ, ಗಜಲಕ್ಷ್ಮಿ ವಾಲ್ವ್ ವರ್ಕ್ಸ್ ಎಂಬ ಕಾರ್ಖಾನೆಯ ಹಿರಿಯ ಟರ್ನರ್, ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನೂ ಹೆಬ್ಬೆರಳಿನಿಂದ ಸವರಿ ಹೇಳಬಲ್ಲೆನೆಂದು ಹೇಳಿಕೊಳ್ಳುತ್ತಿದ್ದ, ಹತ್ತರಲ್ಲಿ ಆರು ಸಲ ಸರಿಯಾಗಿಯೂ ಹೇಳುತ್ತಿದ್ದ ಶ್ರೀಮಾನ್ ಫಕ್ಕೀರಪ್ಪ ಮೆಣಸಿನಕಾಯಿ. ಅಡ್ಡಹೆಸರು ಮನೆತನದ್ದು. ಸ್ವಭಾವ ಅದಕ್ಕೆ ಎಂದೂ ಮೋಸ ಮಾಡಿರಲಿಲ್ಲ.

ಈ ವೀರನಿಗೆ ಭೂಮಿಯ ಮೇಲೆ ಇದ್ದದ್ದು ಒಂದೇ ಸಾಮ್ರಾಜ್ಯ. ದಸರೆಯ ಖಂಡೇನವಮಿಯ ದಿನ, ಆಯುಧಗಳೂ ಯಂತ್ರಗಳೂ ಪೂಜೆಗೊಂಡು ವಿರಮಿಸುವ ಆ ಪುಣ್ಯದಿನ, ಪೂಜೆಯ ಕಟ್ಟಕಡೆಗೆ ಕಾರ್ಖಾನೆಯ ಗೇಟಿನಲ್ಲಿ ಬೂದುಗುಂಬಳಕಾಯಿ ಒಡೆಯುವ ಹಕ್ಕು ಅವನದಾಗಿತ್ತು. ಎಲ್ಲರಿಗಿಂತ ಹಿರಿಯ ಕೆಲಸಗಾರನೇ ಒಡೆಯಬೇಕೆಂಬುದು ದೊಡ್ಡ ಸಾವಕಾರರ ಕಾಲದ ರೂಢಿ. ಉಳಿದ ದಿನಗಳಲ್ಲಿ ಅವನು ಎಣ್ಣೆ ಮೆತ್ತಿದ ಅಂಗಿಯ ನೂರಾರು ಮಂದಿಯಲ್ಲಿ ಒಬ್ಬ. ಆ ದಿನ ಮಾತ್ರ ಕಾರ್ಖಾನೆಯ ಸದ್ದೆಲ್ಲ ಅಡಗಿ, ಸಾವಕಾರರಿಂದ ಹಿಡಿದು ವಾಚಮನ್ನನವರೆಗೆ ಎಲ್ಲರೂ ಸಾಲಾಗಿ ನಿಂತು, ಫಕ್ಕೀರಪ್ಪನ ಎತ್ತಿದ ಕೈಗಳನ್ನೇ ನೋಡುತ್ತಿದ್ದರು. ಕಾಯಿ ನೆಲಕ್ಕೆ ಬಿದ್ದು ಫಟ್ಟೆಂದು ಒಡೆದು ಕುಂಕುಮದ ನೀರು ಚೆಲ್ಲಿದಾಗ ಅವನ ಎದೆ ಎರಡು ಅಂಗುಲ ಉಬ್ಬುತ್ತಿತ್ತು. ಆ ಒಂದು ಗಳಿಗೆಗಾಗಿಯೇ ಅವನು ಉಳಿದ ವರ್ಷವನ್ನೆಲ್ಲ ದೂಡುತ್ತಿದ್ದ ಎಂದರೆ ಸುಳ್ಳಲ್ಲ.

ಇಂಥ ಸುಖಕ್ಕೆ ಕಣ್ಣು ಬಿದ್ದದ್ದು ಆ ವರ್ಷದ ಬೇಸಿಗೆಯಲ್ಲಿ. ಕಾರ್ಖಾನೆಗೆ ಒಂದು ಹೊಸ ಯಂತ್ರಸಮುಚ್ಚಯ ಬಂದಿಳಿಯಿತು. ಅದಕ್ಕೆ ಒಂದು ಕಬ್ಬಿಣದ ತೋಳು, ಎರಕದ ತುಂಡನ್ನು ತಾನೇ ಎತ್ತಿ ಇಡಲಿಕ್ಕೆ. ಗೂಡಿನೊಳಗೆ ಒಂದು ಕ್ಯಾಮರಾದ ಕಣ್ಣು, ತುಂಡು ನೆಟ್ಟಗಿದೆಯೋ ಇಲ್ಲವೋ ನೋಡಲಿಕ್ಕೆ. ನೆತ್ತಿಯ ಮೇಲೆ ಕೆಂಪು, ಹಳದಿ, ಹಸಿರು ದೀಪ. ಸಾವಕಾರರು ಅದನ್ನು ಸ್ಮಾರ್ಟ್ ಸೆಲ್ ಎಂದರು. ಕೆಲಸಗಾರರು ಒಕ್ಕಣ್ಣ ಎಂದರು. ಒಕ್ಕಣ್ಣನಿಗೆ ಜಾಗ ಬೇಕಾಗಿ ಫಕ್ಕೀರಪ್ಪ ವಾಲ್ವು ಕಡೆಯುತ್ತಿದ್ದ ಹಳೆಯ ಲೇತನ್ನು ಗೋದಾಮಿನ ಮೂಲೆಗೆ ತಳ್ಳಿ ತಾಡಪಾಲು ಹೊದಿಸಿದರು. ಆ ದಿನ ಅವನು ಬುತ್ತಿಯನ್ನು ಬಿಚ್ಚದೆ ಮನೆಗೆ ತಂದ.

ಒಕ್ಕಣ್ಣನ ಬೆನ್ನಿಗೇ ಬಂದವರು ತರಬೇತಿಯ ಕಟ್ಟಿ ಸರ್. ಎಳೆ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಸಿಟ್ಟೇ ಬಾರದ ಮುಖ. ಅವರು ಎಲ್ಲರ ಫೋನಿನಲ್ಲೂ ಒಂದು ಆ್ಯಪ್ ಹಾಕಿಕೊಟ್ಟರು. ಅದರಲ್ಲಿ ಚಹಾ ಕುಡಿಯುವಷ್ಟು ಹೊತ್ತಿನ ಸಣ್ಣ ಸಣ್ಣ ಪಾಠಗಳು. ಪಾಠ ಕೇಳಿ, ಪ್ರಶ್ನೆಗೆ ಉತ್ತರ ಒತ್ತಿ ಪಾಸಾದರೆ ಒಂದು ದುಂಡನೆಯ ಬ್ಯಾಡ್ಜು. ಅದರ ಚಿತ್ರ ಕುಡಿಯುವ ನೀರಿನ ಪಕ್ಕದ ದೊಡ್ಡ ಟೀವಿಯಲ್ಲಿ ಅವರವರ ಹೆಸರಿನ ಮುಂದೆ ಮೂಡುತ್ತಿತ್ತು. ಒಟ್ಟು ಏಳು ಬ್ಯಾಡ್ಜು. ಏಳನ್ನೂ ಗೆದ್ದವರು ಒಕ್ಕಣ್ಣನನ್ನು ನಡೆಸಲು ಅರ್ಹರು.

“ಬಿಲ್ಲೆ ಕಟ್ಕೊಳ್ಳಾಕ ನಾ ಏನ್ ಹುಬ್ಬಳ್ಳಿ ಟೇಸನ್ನಿನ ಹಮಾಲ ಏನ್ರಿ?” ಎಂದು ಫಕ್ಕೀರಪ್ಪ ಮೀಸೆ ಕುಣಿಸಿದ. ಎಲ್ಲರೂ ನಕ್ಕರು. ನಗದೆ, ಊಟದ ಬಿಡುವಿನಲ್ಲಿ ಗೋಡೆಗೊರಗಿ, ರೊಟ್ಟಿ ಮುರಿಯುತ್ತ ಫೋನಿನಲ್ಲಿ ಪಾಠ ಕೇಳುತ್ತಿದ್ದವಳು ಒಬ್ಬಳೇ. ಪ್ಯಾಕಿಂಗ್ ವಿಭಾಗಗರ್ಭಸಂಭೂತೆ, ಕ್ಷಿಪ್ರಾಂಗುಷ್ಠೆ, ಮಿತಭಾಷಿಣಿ, ಮಾತಾಡಿದರೆ ಈರುಳ್ಳಿ ಹೆಚ್ಚಿದಂತೆ ಎದುರಿನವರ ಕಣ್ಣಲ್ಲಿ ನೀರು ತರಿಸುವ ಶ್ರೀಮತಿ ದ್ರಾಕ್ಷಾಯಣಿ ಉಳ್ಳಾಗಡ್ಡಿ. ಶ್ರಾವಣ ಮುಗಿಯುವಷ್ಟರಲ್ಲಿ ಟೀವಿಯಲ್ಲಿ ಆಕೆಯ ಹೆಸರಿನ ಮುಂದೆ ಆರು ಬ್ಯಾಡ್ಜು ಸಾಲಾಗಿ ಹೊಳೆಯುತ್ತಿದ್ದವು. ಫಕ್ಕೀರಪ್ಪನ ಹೆಸರಿನ ಮುಂದೆ ಬಯಲೋ ಬಯಲು.

ಅಷ್ಟಾದರೂ ವೀರನು ನಿಶ್ಚಿಂತನಾಗಿದ್ದ. ಆದರೆ ಗಣಪತಿ ಕಳಿಸಿದ ಮರುವಾರ ಸಾವಕಾರ ಗುರುಬಸಪ್ಪನವರು ಎಲ್ಲರನ್ನೂ ಗೇಟಿನ ಬಳಿ ಕೂಡಿಸಿ ಒಂದು ಮಾತು ಆಡಿದರು.

“ನೋಡ್ರಪ್ಪಾ, ಈ ಸಲ ಖಂಡೇಪೂಜಿಗೆ ಹೊಸಾ ಪದ್ಧತಿ. ಯಾರ ಬ್ಯಾಡ್ಜು ಜಾಸ್ತಿ ಅದಾವ, ಕುಂಬಳಕಾಯಿ ಅವ್ರ ಒಡೀಬೇಕು. ಕಲಿಯೋರಿಗೆ ಮರ್ಯಾದಿ ಸಿಗಲಿ.”

ಸಿಡಿಲು ಬಡಿಯಿತೆಂದರೆ ಕಡಿಮೆಯಾದೀತು. ಫಕ್ಕೀರಪ್ಪನಿಗೆ ನೆಲ ಜಾರಿದಂತಾಯಿತು. ಲೇತು ಹೋಯಿತು, ಹೋಗಲಿ. ಕುಂಬಳಕಾಯಿಯೂ ಹೋದರೆ ಈ ಕಾರ್ಖಾನೆಯಲ್ಲಿ ತಾನು ಯಾರು? ತಾಡಪಾಲು ಹೊದಿಸಿಕೊಂಡು ಲೇತಿನ ಪಕ್ಕದಲ್ಲಿ ಕುಳಿತುಕೊಳ್ಳಬಹುದಷ್ಟೆ. ಆದರೆ ವೀರರಾದವರು ಎದೆಯ ಅಳುಕನ್ನು ಬಾಯಿಗೆ ತಂದುಕೊಳ್ಳುವುದಿಲ್ಲ. ಅವರ ಬಾಯಿಗೆ ಬರುವುದು ಗರ್ಜನೆ. ಕ್ಯಾಂಟೀನಿನ ರಣಾಂಗಣದಲ್ಲಿ ಚಹಾದ ಲೋಟವನ್ನು ಶಂಖದಂತೆ ಎತ್ತಿ ಹಿಡಿದು ಅವನು ನುಡಿದ ಮಾತನ್ನು ಮಾರ್ಗದ ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಎಲೆಲೆ ಅಬಲೆಯೇ, ಕೂಷ್ಮಾಂಡಭಂಜನವೆಂಬುದು ಪುರುಷಸಿಂಹರಿಗೆ ವಿಧಿವಿಹಿತವಾದ ಕರ್ಮವು, ಅದರ ಮೇಲೆ ಕಣ್ಣಿಟ್ಟ ನಿನ್ನ ಸಾಹಸವು ಕುಲವೃದ್ಧರ ವಚನವನ್ನು ಮೀರಿತಲ್ಲಾ!” ಅವನು ನಿಜವಾಗಿ ಅಂದದ್ದು:

“ಅಲ್ಲಬೇ ದ್ರಾಕ್ಷಾಯಣಿ, ಹೆಣ್ಣಮಕ್ಕಳು ಕುಂಬಳಕಾಯಿ ಒಡೀಬಾರ್ದು ಅಂತ ಹಿರೇರು ಹೇಳ್ಯಾರಿಲ್ಲೋ?”

ದ್ರಾಕ್ಷಾಯಣಿ ಬಟ್ಟಲಿನಿಂದ ತಲೆಯೆತ್ತಲಿಲ್ಲ. “ಹಿರೇರು ಒಕ್ಕಣ್ಣಗ ಪ್ರೋಗ್ರಾಂ ಹಾಕ್ರಿ ಅಂತನೂ ಹೇಳಿದ್ದಿಲ್ರಿ ಅಣ್ಣಾರ. ಕಲಿಯಾಕಂತ ನಾ ಹಾಕಾಕತ್ತೇನಿ, ಅವ ಕೇಳಾಕತ್ಯಾನ.”

“ಕುಂಬಳಕಾಯಿಗೆ ಪ್ರೋಗ್ರಾಂ ನಡಿಯೂದಿಲ್ಲ. ರಟ್ಟಿ ಬೇಕು, ರಟ್ಟಿ!” ವೀರನು ತೋಳು ತಟ್ಟಿದ. ಚಹಾ ಅಂಗಿಯ ಮೇಲೆ ಚೆಲ್ಲಿತು.

“ಪ್ಯಾಕಿಂಗಿನ್ಯಾಗ ದಿನಾ ವಾಲ್ವಿನ ಪೆಟಿಗಿ ಎತ್ತೋರು ಯಾರು ಅಂತ ತಿಳಕೊಂಡೀರಿ? ಕುಂಬಳಕಾಯಿ ಏನ್ ಅದಕ್ಕಿಂತ ವಜ್ಜಿ ಐತೇನ್ರಿ?”

ಸಭೆ ಓಹೋ ಎಂದಿತು. ಉಳ್ಳಾಗಡ್ಡಿಯ ಘಾಟು ಮೆಣಸಿನಕಾಯಿಯ ಕಣ್ಣಿಗೆ ಹತ್ತಿದ್ದನ್ನು ಅಂದೇ ಜನ ಕಂಡರು. ಆಗ ಫಕ್ಕೀರಪ್ಪನು ಎದ್ದುನಿಂತು, ಹಂಚಲೆಂದು ಬಂದ ಮಿರ್ಚಿ ಭಜಿಯ ತಾಟನ್ನು ದೂರ ಸರಿಸಿ, ಹುಬ್ಬಳ್ಳಿಯ ಚರಿತ್ರೆಯಲ್ಲಿ ಅದುವರೆಗೆ ಯಾವ ಗಂಡಸೂ ತೊಡದ ಭೀಕರ ಪ್ರತಿಜ್ಞೆಯನ್ನು ತೊಟ್ಟ.

“ಕೇಳ್ರಿ ಎಲ್ಲಾರೂ! ಖಂಡೇನವಮಿ ಕುಂಬಳಕಾಯಿ ಒಡೆಯೂತನ ಈ ಫಕ್ಕೀರಪ್ಪ ಮಿರ್ಚಿ ಮುಟ್ಟೂದಿಲ್ಲ!”

ಮೆಣಸಿನಕಾಯಿಯವರ ಮಗ ಮಿರ್ಚಿ ಬಿಟ್ಟನೆಂಬ ಸುದ್ದಿ ಶಿಫ್ಟು ಬಿಡುವುದರೊಳಗೆ ಪಕ್ಕದ ಕಾರ್ಖಾನೆಗಳಿಗೂ ಮುಟ್ಟಿತು.

ತಪಸ್ಸು ಅಂದೇ ಸಂಜೆ ಆರಂಭವಾಯಿತು. ತಪೋಭೂಮಿ ಅವನ ಮನೆಯ ಅಡಿಗೆಮನೆ. ಒಲೆಯ ಮುಂದೆ ಹೆಂಡತಿ ಕಮಲವ್ವ ರೊಟ್ಟಿ ಬಡಿಯುತ್ತಿದ್ದರೆ, ಪಕ್ಕದ ಮಣೆಯ ಮೇಲೆ ಚಸ್ಮಾಧಾರಿಯಾದ ತಪಸ್ವಿ.

“ಮಿರ್ಚಿ ಬಿಟ್ಟಿದ್ದು ಚಲೋ ಆತು, ಹೊಟ್ಟಿಗೆ ತಂಪು,” ಎಂದಳು ಕಮಲವ್ವ. “ಮೊದಲ ಆ ಪಾಸ್‌ವರ್ಡ್ ನೆಪ್ಪ ಇಟ್ಕೋರಿ. ಮೂರ್ ಸಲ ತಪ್ಪಿದ್ರ ಬಾಗಲಾ ಹಾಕ್ತೈತಂತ ಅದು.”

ಫೋನು ಮೊದಲನೆಯ ಪ್ರಶ್ನೆಯನ್ನು ಎಸೆಯಿತು. ಬೇರಿಂಗ್ ಬಿಸಿಯಾಗಿದೆಯೆಂಬ ಅನುಮಾನ ಬಂದರೆ ನೀವು ಮೊದಲು ಏನು ಮಾಡುವಿರಿ? ಫಕ್ಕೀರಪ್ಪನಿಗೆ ನಗು ಬಂತು. ಇದೂ ಒಂದು ಪ್ರಶ್ನೆಯೇ? ‘ಕೈಯಿಂದ ಮುಟ್ಟಿ ನೋಡುವೆನು’ ಎಂಬುದನ್ನು ಹೆಬ್ಬೆರಳಿನಿಂದ ಗುದ್ದಿದ. ಫೋನಿನಲ್ಲಿ ಅಳುವ ಮುಖವೊಂದು ಮೂಡಿ, ‘ನಿಮ್ಮ ಕೈ ಸುಟ್ಟಿದೆ. ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು.

“ನನ್ ಕೈ ಎಲ್ಲಿ ಸುಟ್ಟೈತಿ? ನೋಡು! ನೋಡಲೇ!” ವೀರನು ಫೋನಿನ ಮುಖಕ್ಕೆ ಅಂಗೈ ಹಿಡಿದ.

ಕಮಲವ್ವ ಹಿಟ್ಟಿನ ಕೈಯಲ್ಲೇ ಅವನ ಅಂಗೈಯನ್ನು ಬೆಳಕಿಗೆ ತಿರುಗಿಸಿ, ನಡುವಿನ ಹಳೆಯ ಕಲೆಯನ್ನು ತೋರಿಸಿದಳು. “ಇದೇನು ಮತ್ತ? ನಮ್ಮ ಲಗ್ನಾದ ವರ್ಷ ಬೇರಿಂಗ್ ಮುಟ್ಟಿ ಸುಟ್ಕೊಂಡು ಬಂದಿದ್ದು. ಉಗಾದಿ ಹೋಳಿಗಿ ನಾನ ತಿನಿಸಿದ್ದೆ, ಮರ್ತೀರೇನು?”

ವೀರನು ಅಂಗೈ ಮಡಚಿಕೊಂಡ. ಫೋನು ಹೇಳುವುದರಲ್ಲಿ ಏನೋ ಇದೆಯೆಂದು ಅವನಿಗೆ ಮೊದಲ ಸಲ ಅನ್ನಿಸಿತು.

ಆಮೇಲೆ ಕಮಲವ್ವ ಪ್ರಶ್ನೆ ಓದುವುದು, ಅವನು ಉತ್ತರ ಹೇಳುವುದು, ಇಬ್ಬರೂ ಜಗಳಾಡುವುದು, ಕಡೆಗೆ ಅವಳು ಹೇಳಿದ್ದನ್ನು ಒತ್ತುವುದು ನಡೆಯಿತು. ಮೊದಲ ಬ್ಯಾಡ್ಜು ಸುರಕ್ಷತೆಯದು. ಮರುದಿನ ಟೀವಿಯಲ್ಲಿ ತನ್ನ ಹೆಸರಿನ ಮುಂದೆ ಹಳದಿ ಬಿಲ್ಲೆಯೊಂದು ಕುಳಿತಿರುವುದನ್ನು ಕಂಡು ಫಕ್ಕೀರಪ್ಪ ಏನೂ ಆಗದವನಂತೆ ನಡೆದುಹೋದ. ಆದರೆ ಅಂದು ಅವನಿಗೆ ಬಹಳ ನೀರಡಿಕೆಯಾಯಿತು. ಕೆಲಸ ಬಿಟ್ಟು ಬಿಟ್ಟು ಟೀವಿಯ ಪಕ್ಕಕ್ಕೆ ಹೋಗಿ ಅವನು ಕುಡಿದ ನೀರು ಒಂದು ಎಮ್ಮೆಗೆ ಸಾಕಾಗುತ್ತಿತ್ತು. ಎರಡನೆಯದು ಯಂತ್ರದ ಅಂಕಿಸಂಖ್ಯೆ ಓದುವುದು, ಮೂರನೆಯದು ಯಂತ್ರ ತಣಿಸುವ ಕೂಲಂಟಿನ ಹದ, ಹೀಗೆ ಒಂದೊಂದೇ ಕೋಟೆ ಬಿತ್ತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅವನವೂ ಆರಾದವು. ಮಿರ್ಚಿಯಿಲ್ಲದ ನಾಲಗೆ ಸಪ್ಪಗಾಗಿತ್ತು ನಿಜ. ಆದರೆ ಕಲಿಯುವುದರ ರುಚಿ ಹತ್ತಿದೆಯೆಂದು ಅವನು ತನಗೆ ತಾನೇ ಕೂಡ ಒಪ್ಪಿಕೊಳ್ಳುತ್ತಿರಲಿಲ್ಲ.

ಉಳಿದದ್ದು ಏಳನೆಯ ಬ್ಯಾಡ್ಜು, ಸೆನ್ಸರ್ ಆರೈಕೆ. ಅದಕ್ಕೆ ಫೋನಿನ ಪ್ರಶ್ನೆ ಸಾಲದು, ಕೈಯಾರೆ ಮಾಡಿ ತೋರಿಸಬೇಕು. ಪೂಜೆಗೆ ಕೂಡಿದ ಜನ, ಭಜಿಗೆ ಕಾಸಿದ ಎಣ್ಣೆ, ಅದೇ ಖರ್ಚಿನಲ್ಲಿ ಪರೀಕ್ಷೆಯೂ ಆಗಲೆಂದು ಸಾವಕಾರರು ಅದನ್ನು ಖಂಡೇನವಮಿಯ ದಿನವೇ ಇಟ್ಟರು. ಪೂಜೆ ಆದ ಮೇಲೆ ಒಕ್ಕಣ್ಣನನ್ನು ಶಾಸ್ತ್ರಕ್ಕೆ ಒಂದು ಸಲ ಚಾಲೂ ಮಾಡುವುದು. ಕಟ್ಟಿ ಸರ್ ಅದರಲ್ಲಿ ಏನಾದರೊಂದು ತೊಡಕು ಇಟ್ಟಿರುತ್ತಾರೆ. ಅದನ್ನು ಬಿಡಿಸಿ, ಏನಾಗಿತ್ತು, ಹೇಗೆ ಸರಿಮಾಡಿದೆ ಎಂದು ಎಲ್ಲರ ಮುಂದೆ ಹೇಳಿದವರಿಗೆ ಬ್ಯಾಡ್ಜು, ಅವರಿಗೇ ಕುಂಬಳಕಾಯಿ.

ಪಾಠದ ಮೊದಲ ಸಾಲನ್ನು ಫಕ್ಕೀರಪ್ಪ ಮಂತ್ರದಂತೆ ಬಾಯಿಪಾಠ ಮಾಡಿದ್ದ: ‘ಸೆನ್ಸರ್ ಯಂತ್ರದ ಕಣ್ಣು. ಅದನ್ನು ಗೌರವದಿಂದ ನೋಡಿಕೊಳ್ಳಿ.’

ಇನ್ನು ಕುಂಬಳಕಾಯಿಯ ಮಾತು. ಪ್ರತಿವರ್ಷದಂತೆ ಅವನೇ ಜನತಾ ಬಜಾರಿಗೆ ಹೋಗಿ, ಬಡಿದು, ತಟ್ಟಿ, ಕಿವಿಗೆ ಹಿಡಿದು, ಬೂದಿ ಬಳಿದುಕೊಂಡ ಸನ್ಯಾಸಿಯ ತಲೆಯಂಥ ಕಾಯೊಂದನ್ನು ಆರಿಸಿ ತಂದ. ಆದರೆ ಯುದ್ಧಕಾಲದಲ್ಲಿ ವಿಶ್ವಾಸ ಸಲ್ಲದು. ವೈರಿ ಮೊದಲೇ ಬಂದು ಕಾಯಿಯನ್ನು ಕೈವಶ ಮಾಡಿಕೊಂಡರೆ? ರಾಜನೀತಿನಿಪುಣನಾದ ವೀರನು ನವಮಿಯ ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಅದನ್ನು ಕ್ಯಾಂಟೀನಿನ ತರಕಾರಿ ಮೂಲೆಯಲ್ಲಿ, ಉಳ್ಳಾಗಡ್ಡಿ ಚೀಲಗಳ ಹಿಂದೆ ಅಡಗಿಸಿಟ್ಟ. ಉಳ್ಳಾಗಡ್ಡಿಗೆ ಹೆದರಿ ಉಳ್ಳಾಗಡ್ಡಿಯ ಹಿಂದೆಯೇ ಬಚ್ಚಿಟ್ಟೆನೆಂದು ಅವನಿಗೆ ಒಳಗೊಳಗೇ ನಗು. ಗುರುತು ಸಿಗಬಾರದೆಂದು ಅರಿಷಿಣ ಕುಂಕುಮವನ್ನೂ ಹಚ್ಚಲಿಲ್ಲ. ಯಾರಿಗೂ ಹೇಳಲಿಲ್ಲ, ಕ್ಯಾಂಟೀನಿನ ಅಡಿಗೆಯ ಸಾವಂತ್ರೆವ್ವನಿಗೂ.

ನವಮಿಯ ಬೆಳಗಾಯಿತು. ಬಾಳೆಕಂಬ, ಕಬ್ಬು, ಚೆಂಡುಹೂವಿನ ಮಾಲೆಗಳಿಂದ ಅಲಂಕೃತವಾದ ಕಾರ್ಖಾನೆಗೆ ಫಕ್ಕೀರಪ್ಪ ಹೊಸ ಧೋತರ ಉಟ್ಟು ಎಲ್ಲರಿಗಿಂತ ಮೊದಲು ಬಂದೆನೆಂದುಕೊಂಡು ಬಂದ. ಯಂತ್ರಗಳಿಗೆ ವಿಭೂತಿ ಹಚ್ಚುವುದು ಹಿರಿಯನಾದ ಅವನ ಸೇವೆ. ಮೊದಲು ಗೋದಾಮಿಗೆ ಹೋಗಿ ತಾಡಪಾಲು ಸರಿಸಿ ತನ್ನ ಲೇತಿಗೆ ಹಚ್ಚಿದ. ಅಲ್ಲಿ ಸ್ವಲ್ಪ ಹೊತ್ತು ನಿಂತ, ಕಣ್ಣು ಒದ್ದೆಯಾಗಿತ್ತು. ಆಮೇಲೆ ಉಳಿದ ಯಂತ್ರಗಳು. ಕಡೆಗೆ ಒಕ್ಕಣ್ಣ. ಅದರ ತೋಳಿಗೆ ಹಚ್ಚಿದ, ಬಾಗಿಲಿಗೆ ಹಚ್ಚಿದ. ಆಗ ಪಾಠ ನೆನಪಾಯಿತು. ಸೆನ್ಸರ್ ಯಂತ್ರದ ಕಣ್ಣು, ಗೌರವದಿಂದ ನೋಡಿಕೊಳ್ಳಿ. ಉಳಿದವರು ಈ ಕಣ್ಣಿಗೆ ಪೂಜೆಯನ್ನೇ ಮರೆತಾರು, ತಾನು ಓದಿದವನು, ಮರೆಯಬಾರದು. ಗೂಡಿನೊಳಗೆ ಕತ್ತಲಿತ್ತು. ತಡವರಿಸಿ ಕೈಹಾಕಿ, ನೀರಿನಲ್ಲಿ ಕಲಸಿದ ದಪ್ಪ ವಿಭೂತಿಯನ್ನು ಮೂರು ಬೆರಳಿನಿಂದ ಆ ಗಾಜಿನ ಕಣ್ಣಿನ ಮೇಲೆ ಭಕ್ತಿಯಿಂದ ಎಳೆದ. ಕೈಮುಗಿದ.

ಪೂಜೆ ಸಾಂಗವಾಯಿತು. ಅಯ್ಯನವರು ಮಂಗಳಾರತಿ ಎತ್ತಿದರು. “ರಾಹುಕಾಲಕ್ಕ ಇನ್ನ ಭಾಳ ಹೊತ್ತಿಲ್ರಿ, ಲಗೂ ಮುಗಸ್ರಿ,” ಎಂದರು. ಸಾವಕಾರರು ಹಸಿರು ಗುಂಡಿ ಒತ್ತಿದರು.

ಒಕ್ಕಣ್ಣನ ತೋಳು ಗಂಭೀರವಾಗಿ ಎದ್ದಿತು, ಎರಕದ ತುಂಡನ್ನು ಹಿಡಿಯಿತು, ಕಣ್ಣಿನ ಗೂಡಿನ ಮುಂದೆ ಹಿಡಿದು ನಿಲ್ಲಿಸಿತು. ಥಟ್ಟನೆ ಕೆಂಪು ದೀಪ ಉರಿದು, ಟೊಂಯ್ ಟೊಂಯ್ ಎಂಬ ರಣಭೇರಿ ಮೊಳಗಿ, ಪರದೆಯ ಮೇಲೆ ಅಕ್ಷರ ಮೂಡಿತು: ‘ವಸ್ತು ಕಾಣುತ್ತಿಲ್ಲ.’

“ಶುರು ಮಾಡ್ರಿ,” ಎಂದರು ಕಟ್ಟಿ ಸರ್. ಅವರ ಹುಬ್ಬು ಮಾತ್ರ ಸ್ವಲ್ಪ ಗಂಟಾಗಿತ್ತು. ತಾವು ಇಟ್ಟ ತೊಡಕು ಗಾಳಿಯ ಕೊಳವೆಯದು, ಇದು ಅದಲ್ಲ.

ಆಗ ನಡೆದ ಯುದ್ಧವನ್ನು ಬಣ್ಣಿಸಲು ಸಾವಿರ ನಾಲಗೆ ಬೇಕು, ಇರುವುದು ಒಂದೇ. ದ್ರಾಕ್ಷಾಯಣಿಯು ಜರಿಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಪರದೆಯ ಮೇಲೆ ಹತ್ತು ಬೆರಳುಗಳ ಬಾಣವರ್ಷವನ್ನು ಸುರಿಸಿದಳು. ಬಂದ್ ಮಾಡಿದಳು, ಚಾಲೂ ಮಾಡಿದಳು, ವೈರು ಕಿತ್ತು ಮತ್ತೆ ಸಿಗಿಸಿದಳು. ಟೊಂಯ್ ಟೊಂಯ್. ಫಕ್ಕೀರಪ್ಪನು ಧೋತರವನ್ನು ಎತ್ತಿ ಕಟ್ಟಿ ನುಗ್ಗಿ, ಗಾಳಿಯ ಕೊಳವೆಯನ್ನು ಬಿಗಿದು, ಕಟ್ಟಿ ಸರ್ ಇಟ್ಟಿದ್ದ ತೊಡಕನ್ನು ತನಗರಿವಿಲ್ಲದೆಯೇ ಬಿಡಿಸಿ, ತುಂಡು ಬದಲಿಸಿ, ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಟೊಂಯ್ ಟೊಂಯ್.

“ತಟ್ಟಿದ್ರ ಏಳಾಕ ಅದೇನ್ ನಿಮ್ಮ ಹಳೇ ಲೇತೇನ್ರಿ ಅಣ್ಣಾರ?”

“ನನ್ ಲೇತ್ ಆಗಿದ್ರ ತಟ್ಟೂದ ಬೇಕಾಗ್ತಿದ್ದಿಲ್ಲ. ಹೆಸರ ಹಿಡದು ಕರದ್ರ ಏಳ್ತಿತ್ತು!”

ಸಾವಕಾರರು ಶಾಲಿನಲ್ಲಿ ಬೆವರು ಒರೆಸಿಕೊಂಡರು. ಕಟ್ಟಿ ಸರ್ ಯಂತ್ರದ ಕಂಪನಿಗೆ ಫೋನು ಹಚ್ಚಿ, ಅಲ್ಲಿಯ ಹಾಡನ್ನೇ ಕೇಳುತ್ತ ನಿಂತರು. ಕ್ಯಾಂಟೀನಿನಿಂದ ಕಾದ ಎಣ್ಣೆಯ ವಾಸನೆ ತೇಲಿ ಬಂದು ಸೈನ್ಯದ ಹೊಟ್ಟೆಗಳು ತಾಳ ಹಾಕತೊಡಗಿದವು. ಫಕ್ಕೀರಪ್ಪ ಪರದೆಯನ್ನೇ ನೋಡಿದ. ವಸ್ತು ಕಾಣುತ್ತಿಲ್ಲ. ಕಾಣುತ್ತಿಲ್ಲ ಅಂದರೆ ಕಣ್ಣಿಗೆ ಏನೋ ಆಗಿದೆ. ಕಣ್ಣಿಗೆ...

ಅವನು ಬಲಗೈಯನ್ನು ಬೆಳಕಿಗೆ ತಿರುಗಿಸಿದ. ಮೂರು ಬೆರಳುಗಳನ್ನು ನೋಡಿಕೊಂಡ. ಉಗುರ ಸಂದಿಯಲ್ಲಿ ಇನ್ನೂ ಬೆಳ್ಳಗೆ ವಿಭೂತಿ.

ವೀರರಿಗೆ ಒದಗುವ ಸಂಕಟಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಹೇಳಿದರೆ, ಹೊಸ ಯಂತ್ರದ ಕಣ್ಣು ಕುರುಡು ಮಾಡಿದ ಹಳೆಯ ಟರ್ನರ್ ಎಂದು ಊರೆಲ್ಲ ನಗುತ್ತದೆ. ಹೇಳದೆ ಒರೆಸಿದರೆ ಹಸಿರು ದೀಪ, ಬ್ಯಾಡ್ಜು, ಕುಂಬಳಕಾಯಿ. ಪಾಪ ಅನ್ನಿಸಿತು, ನಾಚಿಕೆ ಅನ್ನಿಸಿತು. ಆದರೂ ಕಾಲುಗಳು ಯಂತ್ರದ ಹಿಂದಕ್ಕೆ ನಡೆದವು.

“ಹಿಂದಿನ ಬೋಲ್ಟ ನೋಡ್ತೇನಿ,” ಎಂದ.

“ನಾ ಆ ಕಡಿ ವೈರ್ ನೋಡ್ತೇನ್ರಿ ಸರ್,” ಎಂದು ದ್ರಾಕ್ಷಾಯಣಿ ಇನ್ನೊಂದು ಬದಿಯಿಂದ ಹೋದಳು.

ಯಂತ್ರದ ಹಿಂದೆ ಅವನು ಹೆಗಲ ಟವೆಲನ್ನು ಮುಷ್ಟಿಯಲ್ಲಿ ಹಿಡಿದು, ಕತ್ತಲಿನ ಗೂಡಿಗೆ ಕೈಯಿಟ್ಟು ಒರೆಸಿದ. ದೀಪ ಹಸಿರಾಗಲಿಲ್ಲ. ಇನ್ನಷ್ಟು ಬಗ್ಗಿ ತಲೆ ತೂರಿಸಿದ. ಆಗ ಎರಡು ಪರ್ವತಗಳು ಡಿಕ್ಕಿ ಹೊಡೆದಂಥ ಶಬ್ದವಾಯಿತು. ಅವನ ಹಣೆಯೂ ದ್ರಾಕ್ಷಾಯಣಿಯ ಹಣೆಯೂ ಗೂಡಿನ ಬಾಯಲ್ಲಿ ಸಂಧಿಸಿದ್ದವು.

“ಅಯ್ಯಯ್ಯೋ! ನೀವ್ಯಾಕ್ರಿ ಅಣ್ಣಾರ ಇಲ್ಲಿ?”

“ನೀ ಯಾಕ ಬಂದಿ? ವೈರ್ ಆ ಕಡಿ ಐತಿ!”

“ಬೋಲ್ಟೂ ಆ ಕಡಿ ಅದಾವ್ರಿ!”

ಇಬ್ಬರೂ ಹಣೆ ಉಜ್ಜಿಕೊಂಡು ಒಬ್ಬರ ಕೈ ಒಬ್ಬರು ನೋಡಿದರು. ಅವನ ಟವೆಲು ವಿಭೂತಿಯಿಂದ ಬೆಳ್ಳಗಾಗಿತ್ತು. ಅವಳ ಕರವಸ್ತ್ರ ಆಗ ತಾನೆ ಒರೆಸಿದ ಕುಂಕುಮದಿಂದ ಕೆಂಪಗಾಗಿತ್ತು.

ದ್ರಾಕ್ಷಾಯಣಿ ದನಿ ತಗ್ಗಿಸಿದಳು. ಆ ದನಿಯಲ್ಲಿ ಘಾಟಿರಲಿಲ್ಲ. “ನಸಿಕಿನ್ಯಾಗ ಬಂದಿದ್ನಿರಿ. ಪಾಠದಾಗ ಕಣ್ಣು ಅಂದಿದ್ರಲ್ಲ... ದೃಷ್ಟಿ ಆಗಬಾರ್ದಂತ ಒಂದು ಬೊಟ್ಟ ಇಟ್ಟೆ. ದೊಡ್ಡದ ಇಟ್ಟೆ.”

“ನಾ ಅದರ ಮ್ಯಾಲ ಮೂರ್ ಗೆರಿ ಎಳದೆ,” ಎಂದ ಫಕ್ಕೀರಪ್ಪ. “ದಪ್ಪ ಕಲಸಿದ್ದೆ.”

ಇಬ್ಬರೂ ಒಂದು ಗಳಿಗೆ ಗಂಭೀರವಾಗಿ ಒಕ್ಕಣ್ಣನನ್ನು ನೋಡಿದರು. ಆಮೇಲೆ ದ್ರಾಕ್ಷಾಯಣಿಯ ಹೊಟ್ಟೆಯಿಂದ ನಗು ಉಕ್ಕಿತು. ಬಾಯಿಗೆ ಸೆರಗು ತುರುಕಿಕೊಂಡಳು. ಫಕ್ಕೀರಪ್ಪನ ಮೀಸೆ ನಡುಗಿತು. ಪಾಪದ ಒಕ್ಕಣ್ಣ, ಎರಡು ಆರು-ಬ್ಯಾಡ್ಜಿನ ಪಂಡಿತರ ಕೈಗೆ ಸಿಕ್ಕು ಕುರುಡಾಗಿದ್ದ. ಯುದ್ಧ ಅಲ್ಲಿಗೇ ಮುಗಿಯಿ‌ತು. ಅವನು ಟವೆಲಿನ ಒಣ ತುದಿಯಿಂದ ಗಾಜನ್ನು ಇನ್ನೊಮ್ಮೆ ಒರೆಸಿದ, ಅವಳು ಫೋನಿನ ಬೆಳಕು ಹಿಡಿದಳು.

ಹಸಿರು! ಜನ ಹೋ ಎಂದರು. ತೋಳು ಅಲುಗಿತು, ತುಂಡು ತಿರುಗಿತು, ಹೊಳೆಯುವ ವಾಲ್ವೊಂದು ಹೊರಬಂತು. ವೀರರಿಬ್ಬರೂ ಎರಡು ಬದಿಯಿಂದ ಹೊರಬಂದರು.

“ಯಾರು ಸರಿ ಮಾಡಿದ್ರಿ? ಏನಾಗಿತ್ತು?” ಕಟ್ಟಿ ಸರ್ ಕೇಳಿದರು.

ಫಕ್ಕೀರಪ್ಪ ದ್ರಾಕ್ಷಾಯಣಿಯನ್ನು ನೋಡಿದ. ದ್ರಾಕ್ಷಾಯಣಿ ಬಾಳೆಕಂಬವನ್ನು ನೋಡಿದಳು.

“ತಾನ ಸರಿ ಆತ್ರಿ,” ಎಂದ ಫಕ್ಕೀರಪ್ಪ.

“ಹೌದ್ರಿ ಸರ್. ತಾನ,” ಎಂದಳು ದ್ರಾಕ್ಷಾಯಣಿ.

“ದೇವಿ ಎಬ್ಬಿಸಿದ್ಲು!” ಎಂದು ಅಯ್ಯನವರು ಗಂಟೆ ಬಾರಿಸಿದರು. ಕಟ್ಟಿ ಸರ್ ಟವೆಲನ್ನು ನೋಡಿದರು, ಕರವಸ್ತ್ರವನ್ನು ನೋಡಿದರು, ಫೋನು ಕಟ್ ಮಾಡಿ ಕಿಸೆಗಿಟ್ಟರು.

ಸಾವಕಾರರು ತಲೆ ತುರಿಸಿಕೊಂಡರು. “ಹಂಗಾರ ಇಬ್ಬರಿಗೂ ಬ್ಯಾಡ್ಜಿಲ್ಲ. ಆರ ಆರ ಸಮಾ. ಕುಂಬಳಕಾಯಿ ಯಾರ ಒಡೀಬೇಕೀಗ?”

ಫಕ್ಕೀರಪ್ಪ ಒಂದು ಹೆಜ್ಜೆ ಮುಂದೆ ಬಂದ. ಸಮಬಲವಾದರೆ ಹಿರಿತನದ ಮಾತು ಬರುತ್ತದೆ. ಬಾಯಿ ತೆರೆದರೆ ಸಾಕು, ಕಿರೀಟ ತಿರುಗಿ ಬಂದೀತು. ಅವನು ಬಾಯಿ ತೆರೆದ.

“ಆಕಿನೂ ಬರಲ್ರಿ ಸಾವಕಾರ್ರ. ಒಂದ್ ಕಡಿ ನಾ ಹಿಡಿತೇನಿ, ಒಂದ್ ಕಡಿ ದ್ರಾಕ್ಷಾಯಣಿ ಹಿಡಿಲಿ. ಪೆಟಿಗಿ ಎತ್ತಿದ ಕೈ ಅದಾವ ಆಕಿವು.”

ಆ ಮಾತಿನಿಂದ ಎಲ್ಲರಿಗಿಂತ ಹೆಚ್ಚು ಬೆರಗಾದವನು ಫಕ್ಕೀರಪ್ಪನೇ. ದ್ರಾಕ್ಷಾಯಣಿ ಸೆರಗನ್ನು ಮತ್ತೆ ಸೊಂಟಕ್ಕೆ ಬಿಗಿದಳು. ಜನ ಚಪ್ಪಾಳೆ ತಟ್ಟಿ ಗೇಟಿನ ಎರಡು ಬದಿಗೆ ಸಾಲಾಗಿ ನಿಂತರು. ವೀರನು ಗುಪ್ತಸ್ಥಾನದಿಂದ ಕಾಯಿಯನ್ನು ತರಲು ಕ್ಯಾಂಟೀನಿನ ಕಡೆಗೆ ಆನೆಯ ನಡಿಗೆಯಲ್ಲಿ ಹೋದ. ಅವಳೂ ಹಿಂದೆ ಹೋದಳು.

ಉಳ್ಳಾಗಡ್ಡಿಯ ಚೀಲಗಳು ಇದ್ದವು. ಹಿಂದೆ ನೆಲ ಖಾಲಿ ಇತ್ತು. ಫಕ್ಕೀರಪ್ಪ ಚೀಲಗಳನ್ನು ಸರಿಸಿದ, ಎತ್ತಿದ, ಒಂದರೊಳಗೆ ಇಣುಕಿದ. ಆಮೇಲೆ ಮೆಲ್ಲಗೆ ಒಲೆಯ ಕಡೆಗೆ ತಿರುಗಿದ. ಅಲ್ಲಿ ಅಡಿಗೆಯ ಸಾವಂತ್ರೆವ್ವ ದೊಡ್ಡ ಪಾತೇಲಿಯಲ್ಲಿ ಸೌಟು ಆಡಿಸುತ್ತಿದ್ದಳು. ಹಳದಿ ಮಜ್ಜಿಗೆಯಲ್ಲಿ ಬೆಳ್ಳನೆಯ ಹೋಳುಗಳು ಮುಳುಗಿ ಏಳುತ್ತಿದ್ದವು.

“ಯವ್ವಾ ಸಾವಂತ್ರೆವ್ವಾ... ಇಲ್ಲೊಂದು ಕುಂಬಳಕಾಯಿ ಇತ್ತಲ್ಲಬೇ?”

“ಪಳದ್ಯ ಮಾಡೀನಿ,” ಎಂದಳು ಸಾವಂತ್ರೆವ್ವ. “ತರಕಾರಿ ಮೂಲ್ಯಾಗಿತ್ತು, ತರಕಾರಿ ಅಂತ ತಿಳಕೊಂಡೆ. ಪೂಜಿದಾಗಿದ್ರ ಅರಿಷಿಣ ಕುಂಕುಮ ಇರ್ತಿದ್ದಿಲ್ಲೇನು? ಯಾಕ, ಯಾರದದು?”

“ಒಡದಿದ್ದು ಯಾರು?” ವೀರನ ದನಿ ಪಾತಾಳದಿಂದ ಬಂದಂತಿತ್ತು.

“ಒಡ್ಯಾಕೇನು? ಈಳಿಗಿ ಮ್ಯಾಲ ಇಟ್ಟು ಕೊಯ್ದೆ.”

“ಹೆಣ್ಣಮಕ್ಕಳು ಕುಂಬಳಕಾಯಿ...” ಎಂದು ಬಾಯಿಗೆ ಬಂದದ್ದನ್ನು ಅವನು ಅಲ್ಲೇ ನುಂಗಿದ. ಆದರೆ ಸಾವಂತ್ರೆವ್ವನ ಕಿವಿ ಚುರುಕು.

“ಏ ಎಪ್ಪಾ, ದಿನಾ ನಾನ ಕೊಯ್ಯಾಕಿ. ಮೊದಲ ಕೊಯ್ತ ಗಂಡಸರು ಕೊಯ್ಲಿ ಅಂತ ಕಾಯ್ಕೋತ ಕುಂತ್ರ ನಿಮಗ ಊಟ ಸಿಗೂದು ಯಾವಾಗ? ನೀವೋ ಅಲ್ಲಿ ಆ ಮಷೀನಿನ ಕೂಡ ಟೊಂಯ್ ಟೊಂಯ್ ಆಡಾಕತ್ತಿದ್ರಿ.”

ದ್ರಾಕ್ಷಾಯಣಿ ಗೋಡೆ ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಫಕ್ಕೀರಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂದಂತಾಯಿತು, ಆಮೇಲೆ ನೋಡಿದರೆ ಅವನೂ ನಗುತ್ತಿದ್ದ.

ಗೇಟಿನಲ್ಲಿ ಅಯ್ಯನವರು ರಾಹುಕಾಲಕ್ಕೆ ಮುಂಚೆ ಒಂದು ತೆಂಗಿನಕಾಯಿ ಒಡೆದು ಕೆಲಸ ಮುಗಿಸಿದರು. ಎಲ್ಲರೂ ಎಲೆಯ ಮುಂದೆ ಕುಳಿತರು. ಸಾವಂತ್ರೆವ್ವ ಬಡಿಸುತ್ತ ಬಂದಳು. ಮಿರ್ಚಿ ಭಜಿಯ ತಾಟು ಮುಂದೆ ಬಂದಾಗ ಫಕ್ಕೀರಪ್ಪ ರೂಢಿಯಂತೆ ಕೈ ಅಡ್ಡ ಹಿಡಿದ. ಪಕ್ಕದ ಎಲೆಯಿಂದ ದ್ರಾಕ್ಷಾಯಣಿ ಎರಡು ಮಿರ್ಚಿ ತೆಗೆದು ಅವನ ಎಲೆಗೆ ಹಾಕಿದಳು.

“ಕುಂಬಳಕಾಯಿ ಒಡೆಯೂತನ ಅಂದಿದ್ರಿ ಅಣ್ಣಾರ. ಒಡದೈತಿ. ತಿನ್ರಿ.”

ಧರ್ಮಸೂಕ್ಷ್ಮವನ್ನು ಅರಿತ ವೀರನು ತಿಂದ.

ಆ ಸಂಜೆ ಕಮಲವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿರುವಾಗ ಫೋನು ಸದ್ದು ಮಾಡಿತು. ಕಟ್ಟಿ ಸರ್ ಹೊಸ ಪಾಠವೊಂದನ್ನು ಸೇರಿಸಿದ್ದರು: ಹಬ್ಬದ ದಿನಗಳಲ್ಲಿ ಸೆನ್ಸರ್ ಆರೈಕೆ. ಎಲ್ಲ ಪಾಠಗಳಿಗಿಂತ ಸಣ್ಣದು, ಕೈಕೆಲಸ ಆಗಲೇ ನೋಡಿಯಾಗಿದೆಯೆಂದು ಒಂದೇ ಪ್ರಶ್ನೆ. ಕಮಲವ್ವ ಓದಿದಳು.

“ಪೂಜೆಯಂದು ಸೆನ್ಸರಿನ ಗಾಜಿಗೆ ಏನು ಹಚ್ಚಬೇಕು? ಅ, ವಿಭೂತಿ. ಆ, ಕುಂಕುಮ. ಇ, ಎರಡೂ. ಈ, ಏನೂ ಹಚ್ಚಬಾರದು.”

“ಈ,” ಎಂದ ಫಕ್ಕೀರಪ್ಪ, ಅವಳು ಓದಿ ಮುಗಿಸುವ ಮೊದಲೇ. ನಗುವ ಮುಖವೊಂದು ಮೂಡಿ ಅವನಿಗೆ ಏಳನೆಯ ಬ್ಯಾಡ್ಜು ಬಂತು. ಅದಕ್ಕಿಂತ ಸ್ವಲ್ಪ ಮೊದಲೇ ದ್ರಾಕ್ಷಾಯಣಿಗೂ ಬಂದಿತ್ತು.

“ಭಾರಿ ಶಾಣ್ಯಾ ಆಗೀರಿ ಬಿಡ್ರಿ,” ಎಂದಳು ಕಮಲವ್ವ ರೊಟ್ಟಿ ತಿರುವುತ್ತ. “ಹೇಳ್ಲೇ ಇಲ್ಲ ಮತ್ತ. ಕುಂಬಳಕಾಯಿ ಯಾರ ಒಡದ್ರು?”

“ಸಾವಂತ್ರೆವ್ವ.”

“ಅಡಗಿ ಸಾವಂತ್ರೆವ್ವ? ಆಕಿಗೆ ಎಷ್ಟ ಬ್ಯಾಡ್ಜ ಅದಾವ?”

“ಒಂದೂ ಇಲ್ಲ. ಪಳದ್ಯ ಮಾಡಿದ್ಲು.”

ಕಮಲವ್ವ ಕೈ ನಿಲ್ಲಿಸಿ ಗಂಡನ ಮುಖವನ್ನು ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ.

“ಹೆಂಗಾಗಿತ್ತು?”

ಕೂಷ್ಮಾಂಡಕಿರೀಟಾಭಿಲಾಷಿ, ಸಪ್ತಬಿಲ್ಲಾಲಂಕೃತ, ಒಕ್ಕಣ್ಣಗರ್ವಭಂಜನ ಫಕ್ಕೀರಪ್ಪ ಮೆಣಸಿನಕಾಯಿ ಚಸ್ಮಾ ತೆಗೆದು ಮಡಿಚಿ ಕಿಸೆಗಿಟ್ಟುಕೊಂಡ.

“ಉಪ್ಪ ಒಂಚೂರು ಕಮ್ಮಿ ಇತ್ತು,” ಎಂದ. “ಎರಡ ಸಲ ಹಾಕಿಸ್ಕೊಂಡೆ.”